ದಾರ ಕಟ್ಟಿ ನೋಡಿ, ಪಕಾಸಿ ಎಷ್ಟು ಬಾಗಿದೆ
ಓದುಗರ ಪ್ರಶ್ನೆ, ಬಡಗಿಯ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಮಾಡಿನ ಮರದ ಬಗ್ಗೆಯೇ ಇವೆ. ಹಾಗಾಗಿ ಬಾಗಿಲು, ಕಿಟಕಿ, ಗೆದ್ದಲಿನ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಮೊದಲು ಎರಡು ಮಾತು: ನೆತ್ತಿಯಿಂದ ಸೂರಿನ ಕಡೆಗೆ ಇಳಿಯುವ ಮರವನ್ನು ನಾನು ಪಕಾಸಿ ಅಂತ ಬರೀತೀನಿ. ಪಕ್ಕಾಸು ಅನ್ನೋರಿದ್ದಾರೆ, ಇಂಜಿನಿಯರುಗಳು ರಾಫ್ಟರ್ ಅಂತಾರೆ, ಎಲ್ಲಾ ಒಂದೇ. ಅದರ ಮೇಲೆ ಅಡ್ಡಲಾಗಿ ಹೊಡೆಯೋದು ರೀಪು. ಗೋಡೆಯ ತಲೆಯ ಮೇಲೆ ಉದ್ದಕ್ಕೆ ಮಲಗಿಸೋದು ಗೋಡೆಪಟ್ಟಿ. ಎರಡೂ ಇಳಿಜಾರು ಕೂಡುವ ಕಡೆ ಇರೋದು ನೆತ್ತಿ ತೊಲೆ.

ಪ್ರಶ್ನೆ: ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಕಟ್ಟಿಸುತ್ತಿದ್ದೇನೆ. ಗೋಡೆಪಟ್ಟಿಯಿಂದ ಗೋಡೆಪಟ್ಟಿಗೆ 6 ಮೀಟರ್, ಇಳಿಜಾರು 30 ಡಿಗ್ರಿ, ಮೇಲೆ ಮಣ್ಣಿನ ಹಂಚು. ನಡುವೆ ನೆತ್ತಿ ತೊಲೆ ಬರುತ್ತದೆ, 4 ಮೀಟರಿಗೊಂದು ಆಸರೆ ಅದಕ್ಕಿದೆ. ಪಕಾಸಿಗೆ 50 ಮಿ.ಮೀ. ದಪ್ಪ, 100 ಮಿ.ಮೀ. ಎತ್ತರದ ಮರ ಸಾಕು ಎಂದು ಮೇಸ್ತ್ರಿ ಹೇಳುತ್ತಾರೆ. ಇಂಜಿನಿಯರ್ ಆಗಿರುವ ನಮ್ಮ ಚಿಕ್ಕಪ್ಪನ ಮಗ 125 ಇರಲೇಬೇಕು ಎನ್ನುತ್ತಾನೆ. ಸ್ಪ್ಯಾನ್ ಎಷ್ಟು ಅನ್ನುವುದರಲ್ಲೇ ಇಬ್ಬರಿಗೂ ಜಗಳ. ಒಬ್ಬರು 3 ಮೀಟರ್ ಅಂದರೆ ಇನ್ನೊಬ್ಬರು ಮೂರೂವರೆ. ಯಾರ ಮಾತು ಕೇಳಲಿ?

ಉತ್ತರ: ಗಣಿತ ಹೇಳಿಕೊಡೋರು ಕೇಳಿದ್ದೀರಿ ಅಂದಮೇಲೆ ಲೆಕ್ಕ ಬಿಡಿಸಿಯೇ ಹೇಳ್ತೀನಿ. ಲೆಕ್ಕಕ್ಕೆ ಮುಂಚೆ ಒಂದು ಅವಮಾನದ ಕಥೆ ಕೇಳಿ.

ನಾನು ಸ್ವತಂತ್ರವಾಗಿ ಏರಿಸಿದ ಮೊದಲ ಮಾಡು ಹೆಚ್ಚುಕಮ್ಮಿ ನಿಮ್ಮದರಷ್ಟೇ ಅಗಲದ್ದು. ಆಗ ನನಗೆ ಚೌಕ ಮರದ ಮೇಲೆ ಬಹಳ ಪ್ರೀತಿ. ನೋಡೋಕೆ ದಷ್ಟಪುಷ್ಟ, ಯಾವ ಕಡೆ ತಿರುಗಿಸಿದರೂ ಒಂದೇ, ಕೆಲಸ ಸಲೀಸು. 75ಕ್ಕೆ 75ರ ಚೌಕ ಕೊಯ್ಸಿ ಪಕಾಸಿ ಹಾಕಿದೆ. ಮನೆಯವರೂ ಮರ ಮುಟ್ಟಿ ನೋಡಿ ಭೇಷ್ ಅಂದರು. ಒಂದು ಮಳೆಗಾಲ ಕಳೆದ ಮೇಲೆ ಕರೆ ಬಂತು: ಹಂಚಿನ ಸಾಲು ನಡುವೆ ತಗ್ಗಾಗಿದೆ, ಮಳೆ ಜೋರಾದರೆ ಅಲ್ಲೇ ಸೋರುತ್ತೆ. ನಾನು ಒಬ್ಬನೇ ಹೋಗೋ ಬದಲು ನನಗೆ ಕೆಲಸ ಕಲಿಸಿದ ಆಚಾರ್ರನ್ನೂ ಕರಕೊಂಡು ಹೋದೆ. ಅವರು ಬೈಯಲಿಲ್ಲ. ಏಣಿ ಹತ್ತಿದರು, ಒಂದು ಪಕಾಸಿಯ ಅಡಿಯಲ್ಲಿ ನೆತ್ತಿಯ ತುದಿಗೊಂದು, ಗೋಡೆಯ ತುದಿಗೊಂದು ಸಣ್ಣ ಮೊಳೆ ಹೊಡೆದು ದಾರ ಬಿಗಿದರು. ನೇರವಾದ ಮರವಾಗಿದ್ದರೆ ದಾರ ಉದ್ದಕ್ಕೂ ಮರಕ್ಕೆ ತಾಗಿಕೊಂಡೇ ಇರಬೇಕು. ಇಲ್ಲಿ ಮರದ ಹೊಟ್ಟೆಯೇ ದಾರವನ್ನು ಕೆಳಕ್ಕೆ ದಬ್ಬಿತ್ತು. ಆಮೇಲೆ ಪಕಾಸಿಯ ಮೇಲಂಚಿಗೆ ಅದೇ ದಾರ ಹಿಡಿದು, ನಡುವಿನ ಸಂದಿಗೆ ಎರಡು ಬೆರಳು ಜೋಡಿಸಿ ತೂರಿಸಿದರು. ಬೆರಳು ಸರಾಗವಾಗಿ ಒಳಗೆ ಹೋಯಿತು. ನನ್ನ ಕಡೆ ತಿರುಗಿ, "ಮುರಿಯೋದಿಲ್ಲ ಬಿಡೋ, ಮುರಿದಿದ್ರೆ ನಿಂಗೆ ಬುದ್ಧಿ ಬೇಗ ಬರ್ತಿತ್ತು" ಅಂದರು.

ಈ ಎರಡು ಬೆರಳನ್ನು ನೆನಪಿಟ್ಟುಕೊಳ್ಳಿ, ಲೆಕ್ಕದಲ್ಲಿ ಮತ್ತೆ ಬರುತ್ತೆ.

ಮೊದಲು ನಿಮ್ಮನೇಲಿ ನಡೀತಿರೋ ಜಗಳ ಬಿಡಿಸೋಣ. ಸ್ಪ್ಯಾನ್ ಅಂದರೆ ಆಸರೆಯಿಂದ ಆಸರೆಗೆ ನೆಲದ ಮೇಲೆ ಅಳೆದ ಅಂತರ. ಮಧ್ಯಾಹ್ನದ ನೆತ್ತಿಸೂರ್ಯನಿಗೆ ಪಕಾಸಿಯ ನೆರಳು ನೆಲದ ಮೇಲೆ ಎಷ್ಟುದ್ದ ಬೀಳುತ್ತೋ ಅಷ್ಟು. ನಿಮಗದು 3 ಮೀಟರ್. ಪಕಾಸಿಯ ಉದ್ದ ಬೇರೆ: 3ನ್ನು ಕಾಸ್ 30ರಿಂದ ಭಾಗಿಸಿದರೆ 3.46 ಮೀಟರ್. ಸೂರು 60 ಸೆಂ.ಮೀ. ಹೊರಗೆ ಚಾಚೋದಾದರೆ ಇನ್ನೊಂದು 69 ಸೆಂ.ಮೀ. ಸೇರಿ 4.15 ಮೀಟರ್. ಮರ ತರಿಸುವಾಗ ತುದಿ ಕತ್ತರಿಸೋಕೆ ಇಷ್ಟು ಬಿಟ್ಟು 4.25 ಅಂತ ಬರೆಸಿ. ಅಂದರೆ ಇಬ್ಬರ ಮಾತೂ ಸರಿಯೇ. ಯಾವ ಸ್ಪ್ಯಾನಿಗೆ ಯಾವ ಗಾತ್ರದ ಮರ ಅಂತ ಹೇಳೋ ಕೋಷ್ಟಕ ನೋಡೋಕೆ, ಭಾರದ ಲೆಕ್ಕಕ್ಕೆ 3 ಮೀಟರ್; ಮರದಂಗಡಿಗೆ 4.25. ಕೋಷ್ಟಕಕ್ಕೆ ಇಳಿಜಾರಿನ ಉದ್ದ ಹಾಕಿದರೆ ಅನಾವಶ್ಯಕವಾಗಿ ದೊಡ್ಡ ಮರ ಬರುತ್ತೆ, ದುಡ್ಡು ಹೋಗುತ್ತೆ, ಅಷ್ಟೇ. ಮರದಂಗಡಿಗೆ ಕೋಷ್ಟಕದ ಉದ್ದ ಬರೆದುಕೊಟ್ಟು, ಗೋಡೆಗೇ ಮುಟ್ಟದ ಪಕಾಸಿ ಇಳಿಸಿಕೊಂಡು ಕೂತವರನ್ನು ನಾನು ಎರಡು ಸಲ ನೋಡಿದ್ದೀನಿ.

ಇನ್ನು ಭಾರ. ಹಂಚು, ರೀಪು, ಪಕಾಸಿ ಎಲ್ಲಾ ಸೇರಿ ಇಳಿಜಾರಿನ ಮೇಲೆ ಚದರ ಮೀಟರಿಗೆ 65 ಕಿಲೋ ಅಂತ ಹಿಡಿಯೋಣ, ನೆನೆದ ಹಂಚು ಅನ್ನೋದು ಮನಸ್ಸಿನಲ್ಲಿರಲಿ. ಅದನ್ನು ನೆಲದ ಅಳತೆಗೆ ತಂದರೆ 75. ಹಂಚು ಬದಲಿಸೋಕೆ ಆಳು ಹತ್ತೋದು, ಗಾಳಿ ಒತ್ತೋದು ಅಂತ 55. ಒಟ್ಟು 130. ಹಿಮ ಬೀಳುವ ಜಾಗವಾದರೆ ಆ 55ರ ಬದಲು 150, 250 ಕೂಡ ಬರುತ್ತೆ, ಆಗ ಈ ಮುಂದಿನ ಲೆಕ್ಕ ಎಲ್ಲಾ ಬದಲಾಗುತ್ತೆ. ಪಕಾಸಿಯಿಂದ ಪಕಾಸಿಗೆ 45 ಸೆಂ.ಮೀ. ಇಟ್ಟರೆ ಒಂದೊಂದು ಪಕಾಸಿಯ ಪಾಲಿಗೆ ಮೀಟರಿಗೆ ಸುಮಾರು 60 ಕಿಲೋ.

ಮುರಿಯುತ್ತಾ ಅನ್ನೋ ಪ್ರಶ್ನೆ ಮೊದಲು. ನಡುವೆ ಬರುವ ಬಾಗುಬಲ ಅಂದರೆ ಭಾರವನ್ನು ಸ್ಪ್ಯಾನಿನ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿದ್ದು: 60 ಗುಣಿಸು 9 ಭಾಗಿಸು 8, 67.5 ಕಿಲೋ-ಮೀಟರ್ (ಇದು ದೂರದ ಕಿಲೋಮೀಟರ್ ಅಲ್ಲ, ಕಿಲೋ ತೂಕವನ್ನು ಮೀಟರಿಂದ ಗುಣಿಸಿದ್ದು, ನನ್ನ ಮಗ ಇಲ್ಲೇ ನಗ್ತಾನೆ). ಇದನ್ನು ತಡೆಯೋದು ಮರದ ದಪ್ಪ ಗುಣಿಸು ಎತ್ತರದ ವರ್ಗ, ಭಾಗಿಸು 6. ಮೇಸ್ತ್ರಿ ಹೇಳಿದ 50-100ರ ಮರಕ್ಕೆ ಬರುವ ಒತ್ತಡ ಚದರ ಮಿ.ಮೀ.ಗೆ 8 ನ್ಯೂಟನ್ನಿನ ಆಸುಪಾಸು. ಸಾಧಾರಣ ಮರಕ್ಕೆ ಲೆಕ್ಕದಲ್ಲಿ ಅಷ್ಟನ್ನೇ ಒಪ್ಪಬಹುದು. ಅಂದರೆ ಮೇಸ್ತ್ರಿ ಸುಳ್ಳು ಹೇಳ್ತಿಲ್ಲ. ಮುರಿಯೋದಿಲ್ಲ.

ಎಷ್ಟು ಬಾಗುತ್ತೆ ಅನ್ನೋದು ಬೇರೆ ಪ್ರಶ್ನೆ. ಬಾಗು ಸ್ಪ್ಯಾನಿನ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ, ಮರದ ಎತ್ತರದ ಘನಕ್ಕೆ ತಕ್ಕಂತೆ ಇಳಿಯುತ್ತೆ. ಲೆಕ್ಕ ಹಾಕಿದರೆ 50-100ರ ಪಕಾಸಿ ಪೂರ್ತಿ ಭಾರಕ್ಕೆ 22 ಮಿ.ಮೀ. ಬಾಗುತ್ತೆ. ಇಂಥ ಮಾಡಿಗೆ ಉದ್ದದ 240ರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಾಗಬಾರದು ಅಂತ ನಾನು ಇಟ್ಟುಕೊಳ್ಳೋ ಕಟ್ಟಳೆ. 3.46 ಮೀಟರಿಗೆ ಅದು 14 ಮಿ.ಮೀ. ಆಯಿತು. ಅದೇ 125 ಎತ್ತರದ ಮರಕ್ಕೆ ಬಾಗು ಹನ್ನೊಂದೂವರೆ ಮಿ.ಮೀ. ಮರ ಹೆಚ್ಚಾಗಿದ್ದು ನಾಲ್ಕರಲ್ಲಿ ಒಂದು ಪಾಲು, ಬಾಗು ಇಳಿದದ್ದು ಅರ್ಧಕ್ಕೆ. ನಿಮ್ಮ ಚಿಕ್ಕಪ್ಪನ ಮಗ ಗೆದ್ದ.

ಈಗ ನನ್ನ ಚೌಕ ಮರವನ್ನು ಇದೇ ಲೆಕ್ಕಕ್ಕೆ ಹಾಕಿ. 75-75ರಲ್ಲಿರುವ ಮರ 50-125ರ ಹತ್ತರಲ್ಲಿ ಒಂಬತ್ತು ಪಾಲು. ಬಾಗದೆ ನಿಲ್ಲುವ ತಾಕತ್ತು ಮೂರರಲ್ಲಿ ಒಂದು ಪಾಲೂ ಇಲ್ಲ. ಬಾಗು ಬರೋದು 35 ಮಿ.ಮೀ. ಆಚಾರ್ರ ಎರಡು ಬೆರಳು! ನಾನು ಈ ಸೂತ್ರ ಕಲಿತದ್ದು ಆ ಮಾಡು ಕಟ್ಟಿ ಎಷ್ಟೋ ವರ್ಷದ ಮೇಲೆ. ಕಲಿತ ದಿನ ರಾತ್ರಿ ಕೂತು ಮೊದಲು ಹಾಕಿದ ಲೆಕ್ಕ ಇದೇ.

ನಿಮ್ಮ ಮಕ್ಕಳಿಗೆ ತರಗತಿಯಲ್ಲೇ ಇದನ್ನು ತೋರಿಸಬಹುದು. ಒಂದಡಿ ಸ್ಕೇಲನ್ನು ಎರಡು ಪುಸ್ತಕಗಳ ಮೇಲೆ ಮಲಗಿಸಿ ಬೆರಳಿಂದ ಒತ್ತಿಸಿ, ಆಮೇಲೆ ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿಸಿ. ಗೆಲಿಲಿಯೋ 1638ರಲ್ಲೇ ಇದರ ಬಗ್ಗೆ ಬರೆದಿದ್ದಾನೆ: ಒಂದೇ ಪಟ್ಟಿ ಅಂಚಿನ ಮೇಲೆ ನಿಂತಾಗ ಅದರ ಅಗಲ ದಪ್ಪದ ಎಷ್ಟು ಪಟ್ಟೋ ಅಷ್ಟು ಪಟ್ಟು ಹೆಚ್ಚು ಬಲ. ಮುರಿಯುವ ಭಾರ ನಿಖರವಾಗಿ ಎಷ್ಟು ಅನ್ನೋದರಲ್ಲಿ ಅವನು ತಪ್ಪಿದ, ಈ ಹೋಲಿಕೆಯಲ್ಲಿ ತಪ್ಪಲಿಲ್ಲ.

ಇನ್ನು ಮೂರು ವಿಷಯ, ಅವಸರದಲ್ಲಿ. ಪಕಾಸಿಗಳ ನಡುವೆ 45ರ ಬದಲು 60 ಸೆಂ.ಮೀ. ಬಿಡೋಣ, ಎಣಿಕೆ ಕಮ್ಮಿಯಾಗುತ್ತೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಬಾಗು 15 ದಾಟುತ್ತೆ. ಹಸಿ ಮರ ಹಾಕಬೇಡಿ. ಭಾರ ಹೊತ್ತುಕೊಂಡೇ ಒಣಗುವ ಮರ ವರ್ಷಗಳು ಕಳೆದಂತೆ ಮೊದಲ ದಿನದ ಎರಡು ಪಟ್ಟು ಬಾಗಬಲ್ಲದು, ಭಾರ ತೆಗೆದರೂ ಪೂರ್ತಿ ಹಿಂದಕ್ಕೆ ಬರೋದಿಲ್ಲ. ಮತ್ತೆ, ನೆತ್ತಿ ತೊಲೆ. ಇಬ್ಬರೂ ಪಕಾಸಿಗಾಗಿ ಕಿತ್ತಾಡ್ತಾ ಅದನ್ನು ಮರೆತ ಹಾಗಿದೆ. ಎರಡೂ ಕಡೆಯ ಅರ್ಧರ್ಧ ಭಾರ ಅದರ ಮೇಲೆ, ಮೀಟರಿಗೆ 390 ಕಿಲೋ. 4 ಮೀಟರ್ ದಾಟೋಕೆ ನನ್ನ ಲೆಕ್ಕದಲ್ಲಿ 125 ದಪ್ಪ, 225 ಎತ್ತರದ ಮರ ಬೇಕು. ಇದನ್ನು ಚಿಕ್ಕಪ್ಪನ ಮಗನ ಕೈಲಿ ಇನ್ನೊಮ್ಮೆ ಹಾಕಿಸಿ, ನೀವು ತರುವ ಮರದ ಜಾತಿ ನನಗೆ ತಿಳಿಸಿಲ್ಲ.

ಪ್ರಶ್ನೆ: 2×6 ಎಂದು ಬಿಲ್ಲು ಹಾಕಿ ತಂದ ಆಮದು ಮರವನ್ನು ಅಳೆದರೆ ಒಂದೂವರೆ ಇಂಚು, ಐದೂವರೆ ಇಂಚು ಇದೆ. ಮೋಸ ಹೋದೆನೇ?

ಉತ್ತರ: ಇಲ್ಲ. ಅಮೆರಿಕ, ಕೆನಡಾ ಕಡೆಯ ಮರದಲ್ಲಿ 2×6 ಅನ್ನೋದು ಹೆಸರು ಮಾತ್ರ. ಒಣಗಿಸಿ, ಹತ್ತರಿ ಹೊಡೆದ ಮೇಲೆ ಉಳಿಯೋದು ಒಂದೂವರೆ ಇಂಚು, ಐದೂವರೆ ಇಂಚು. ಅದೇ ಅಲ್ಲಿನ ಒಪ್ಪಿತ ಅಳತೆ. 2×4 ಅಂದರೆ ಒಂದೂವರೆ, ಮೂರೂವರೆ. 2×8 ಅಂದರೆ ಎತ್ತರ ಏಳೂಕಾಲು, 2×10 ಅಂದರೆ ಒಂಬತ್ತೂಕಾಲು. ಅವರ ಕೋಷ್ಟಕಗಳೂ ಈ ನಿಜವಾದ ಅಳತೆಯ ಮೇಲೇ ಮಾಡಿದವು, ಹಾಗಾಗಿ ಅವರ ಮರಕ್ಕೆ ಅವರ ಕೋಷ್ಟಕ ನೋಡಿದರೆ ತೊಂದರೆಯಿಲ್ಲ. ತೊಂದರೆ ಬರೋದು ನಾವು ಕೈಲೆಕ್ಕ ಹಾಕುವಾಗ. 2×4 ಅಂತ ಕಂಡ ಕೂಡಲೇ 2 ಮತ್ತು 4 ಹಾಕಿ ಲೆಕ್ಕ ಮಾಡಿದರೆ ನಿಜವಾದ ಬಲ ನೀವು ಅಂದುಕೊಂಡದ್ದರ ನೂರಕ್ಕೆ 57 ಪಾಲು ಮಾತ್ರ ಇರುತ್ತೆ. ಟೇಪು ಹಿಡಿದು ಅಳೆದದ್ದನ್ನೇ ಬರೆದುಕೊಳ್ಳಿ. ಹಾಗೇ ಆ ಮರದ ಮೇಲೆ ಒತ್ತಿರುವ ಮುದ್ರೆ ನೋಡಿ: ಜಾತಿ, ದರ್ಜೆ, ಒಣಗಿಸಿದ್ದೋ ಹಸಿಯದೋ ಎಲ್ಲಾ ಅದರಲ್ಲಿರುತ್ತೆ. ಅಳತೆ ಒಂದೇ ಇದ್ದು ದರ್ಜೆ ಬೇರೆಯಾದರೆ ದಾಟಬಹುದಾದ ಸ್ಪ್ಯಾನೂ ಬೇರೆ.

ಪ್ರಶ್ನೆ: ನಮ್ಮ ವಾಹನದ ಕೊಟ್ಟಿಗೆ 6 ಮೀಟರ್ ಅಗಲ. ಇಳಿಜಾರು 15 ಡಿಗ್ರಿ ಮಾತ್ರ. ನೆತ್ತಿಯಲ್ಲಿ ಒಂದು ತೆಳು ಹಲಗೆಗೆ ಎರಡೂ ಕಡೆಯ ಪಕಾಸಿ ತಂದು ಹೊಡೆದಿದ್ದಾರೆ. ಗೋಡೆಯಿಂದ ಗೋಡೆಗೆ ಅಡ್ಡ ತೊಲೆಗಳಿದ್ದವು. ಎತ್ತರದ ಗಾಡಿ ನಿಲ್ಲಿಸಲು ಅವು ಅಡ್ಡ ಬರುತ್ತಿದ್ದವು, ಕಳೆದ ವರ್ಷ ತೆಗೆಸಿದೆ. ಕೆಲಸದವರು ಅದರ ಬದಲು ನೆತ್ತಿಗೆ ಹತ್ತಿರ ಸಣ್ಣ ಅಡ್ಡಪಟ್ಟಿಗಳನ್ನು ಹೊಡೆದುಕೊಟ್ಟರು. ಈಗ ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಬಿರುಕು ಬಂದಿದೆ. ಪಕಾಸಿಯ ಗಾತ್ರ ಸಾಲದೇ?

ಉತ್ತರ: ಗಾಡಿ ಇವತ್ತೇ ಹೊರಗೆ ನಿಲ್ಲಿಸಿ. ಈ ಸಾಲು ಓದಿ ಮುಗಿಸಿದ ಮೇಲೆ ಉಳಿದದ್ದು ಓದಿದರಾಯಿತು.

ಪಕಾಸಿಯ ಗಾತ್ರಕ್ಕೂ ನಿಮ್ಮ ಬಿರುಕಿಗೂ ಸಂಬಂಧ ಇಲ್ಲ. ಪಕಾಸಿ ಇನ್ನೆರಡು ಪಟ್ಟು ದಪ್ಪ ಇದ್ದಿದ್ದರೂ ಗೋಡೆ ಹೀಗೇ ಹೊರಗೆ ವಾಲ್ತಿತ್ತು. ಎರಡು ಇಸ್ಪೀಟು ಎಲೆ ಒಂದಕ್ಕೊಂದು ಒರಗಿಸಿ ನಯವಾದ ಮೇಜಿನ ಮೇಲೆ ನಿಲ್ಲಿಸಿ ನೋಡಿ, ಕಾಲು ಜಾರಿ ಎರಡೂ ಮಲಗುತ್ತವೆ. ನಿಮ್ಮ ಪಕಾಸಿಗಳು ಜಾರದೆ ನಿಂತದ್ದು ಆ ಅಡ್ಡ ತೊಲೆಗಳು ಎರಡು ಗೋಡೆಯನ್ನು ಒಂದಕ್ಕೊಂದು ಕಟ್ಟಿ ಹಿಡಿದದ್ದರಿಂದ. ನೋಡೋರ ಕಣ್ಣಿಗೆ ಅವು ಅಟ್ಟದ ತೊಲೆ, ಸಾಮಾನು ಇಡೋಕೆ ಇರೋದು. ಅವುಗಳ ನಿಜವಾದ ಕೆಲಸ ಹಗ್ಗದ ಕೆಲಸ.

ಎಷ್ಟು ಎಳೆತ ಅಂತೀರಾ? ಮೇಲಿನ ಉತ್ತರದ ಭಾರವನ್ನೇ ಹಿಡಿದರೆ 30 ಡಿಗ್ರಿ ಇಳಿಜಾರಿನ ಮಾಡು ಒಂದೊಂದು ಜೋಡಿ ಪಕಾಸಿಗೆ ಗೋಡೆಯನ್ನು ಸುಮಾರು 155 ಕಿಲೋ ಬಲದಿಂದ ಹೊರಗೆ ದಬ್ಬುತ್ತೆ. 15 ಡಿಗ್ರಿಗೆ ಇಳಿಸಿದರೆ ಅದು 335 ಕಿಲೋ. ಮಾಡು ಮಲಗಿದಷ್ಟೂ ದಬ್ಬುವಿಕೆ ಹೆಚ್ಚು, ಇದು ಬಹಳ ಜನಕ್ಕೆ ತಲೆಕೆಳಗಾಗಿ ತಿಳಿದಿರುತ್ತೆ. 45 ಸೆಂ.ಮೀ.ಗೊಂದು ಜೋಡಿ ಇದ್ದರೆ ಗೋಡೆಯ ಪ್ರತಿ ಮೀಟರಿಗೆ ಮುಕ್ಕಾಲು ಟನ್ ಹತ್ತಿರ. ನಿಮ್ಮದು ಹಗುರ ಶೀಟಿನ ಮಾಡಾದರೆ ಅರ್ಧ ಅಂದುಕೊಳ್ಳಿ, ಆದರೂ ಒಂದು ಇಟ್ಟಿಗೆ ಗೋಡೆಯ ತಲೆ ಅದನ್ನು ತಡೆಯೋದಿಲ್ಲ.

ನೆತ್ತಿ ಹತ್ತಿರ ಹೊಡೆದ ಪಟ್ಟಿಗಳು ಏನಕ್ಕೆ ಅಂದರೆ, ಗಾಳಿ ಬೀಸಿದಾಗ ಎರಡು ಪಕಾಸಿ ನೆತ್ತಿಯಲ್ಲಿ ಬಿಟ್ಟುಕೊಳ್ಳದ ಹಾಗೆ. ಗೋಡೆ ಹಿಡಿಯೋಕೆ ಅವು ತೀರಾ ಮೇಲಿವೆ. ಅಡ್ಡ ಕಟ್ಟನ್ನು ಗೋಡೆಮಟ್ಟದಿಂದ ಮಾಡಿನ ಎತ್ತರದ ಮೂರರಲ್ಲಿ ಒಂದು ಪಾಲು ಮೇಲಕ್ಕೆ ತಂದರೆ ಅದರ ಮೇಲಿನ ಎಳೆತ ಒಂದೂವರೆ ಪಟ್ಟಾಗುತ್ತೆ. ಅರ್ಧಕ್ಕೆ ತಂದರೆ ಎರಡು ಪಟ್ಟು. ಅಷ್ಟೇ ಅಲ್ಲ, ಅದರ ಕೆಳಗೆ ಉಳಿದ ಪಕಾಸಿಯ ತುಂಡು ಗೋಡೆಯನ್ನು ತಾನೇ ಹಿಡಿದುಕೊಳ್ಳಬೇಕಾಗಿ ಬಂದು ಬಾಗುತ್ತೆ. ಹಾಗಾಗಿ ಕಟ್ಟು ಯಾವತ್ತೂ ಕೆಳಗಿನ ಮೂರನೇ ಒಂದು ಪಾಲಿನೊಳಗೇ ಇರಬೇಕು, ಗೋಡೆಮಟ್ಟಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು.

ನಿಮಗೆ ಎರಡು ದಾರಿ. ಒಂದು, ಗೋಡೆಮಟ್ಟದಲ್ಲಿ ಮತ್ತೆ ಕಟ್ಟು ಹಾಕೋದು. ಮರದ ತೊಲೆಯೇ ಬೇಕಿಲ್ಲ, 12 ಮಿ.ಮೀ. ಉಕ್ಕಿನ ಸರಳು ಸಾಲುತ್ತೆ, ಗಾಡಿಯ ತಲೆಗೆ ಒಂದು ಗೇಣು ಜಾಗ ಹೆಚ್ಚಿಗೆ ಸಿಗುತ್ತೆ. ಆದರೆ ಸರಳಿನ ತುದಿ ಗೋಡೆಪಟ್ಟಿಗೆ ಹೇಗೆ ಕೂಡುತ್ತೆ ಅನ್ನೋದರಲ್ಲೇ ಎಲ್ಲಾ ಇದೆ. ಎರಡು ಮೊಳೆ ಹೊಡೆದು ಬಂದರೆ ಮೊಳೆಯೇ ಕಿತ್ತು ಬರುತ್ತೆ. ಇನ್ನೊಂದು, ನೆತ್ತಿಯ ತೆಳು ಹಲಗೆ ತೆಗೆದು ಅಲ್ಲಿ ನಿಜವಾದ ತೊಲೆ ಕೂರಿಸಿ, ಅದಕ್ಕೆ ಎರಡೂ ತುದಿಯಲ್ಲಿ ಕಂಬ ಕೊಡೋದು. ಆಗ ಪಕಾಸಿಯ ಮೇಲ್ತುದಿ ತೊಲೆಯ ಮೇಲೆ ಕೂರುತ್ತೆ, ಗೋಡೆಯನ್ನು ದಬ್ಬೋ ಗೋಜಿಗೆ ಹೋಗೋದಿಲ್ಲ. ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ 12ಕ್ಕೆ 3ಕ್ಕಿಂತ ಕಮ್ಮಿ ವಾಟ ಇದ್ದರೆ, ಅಂದರೆ ಸುಮಾರು 14 ಡಿಗ್ರಿಗಿಂತ ಕೆಳಗೆ, ನೆತ್ತಿಗೆ ತೊಲೆಯನ್ನೇ ಹಾಕಬೇಕು, ಬರೀ ಹಲಗೆ ನಡೆಯದು. ನಿಮ್ಮದು ಆ ಗೆರೆಯ ಮೇಲೇ ನಿಂತಿದೆ. ಯಾವ ದಾರಿ ಹಿಡಿದರೂ ಮೊದಲು ನೆತ್ತಿಗೆ ಆನಿಕೆ ಕೊಟ್ಟು, ವಾಲಿದ ಗೋಡೆಗೆ ತೂಕದ ಗುಂಡು ಇಳಿಬಿಟ್ಟು ಎಷ್ಟು ವಾಲಿದೆ ಅಂತ ಬರೆದಿಟ್ಟುಕೊಂಡು, ಕಟ್ಟಡದ ಇಂಜಿನಿಯರನ್ನು ಸ್ಥಳಕ್ಕೇ ಕರೆಸಿ. ಪತ್ರಿಕೆಯಲ್ಲಿ ಉತ್ತರ ಬರೆಯೋ ಮುದುಕನ ಮಾತಿನ ಮೇಲೆ ಗೋಡೆ ನಿಲ್ಲಿಸಬೇಡಿ.

ಪ್ರಶ್ನೆ: ಗೋಡೆಪಟ್ಟಿಯ ಮೇಲೆ ಪಕಾಸಿ ಕೂರಲು ಕಚ್ಚು ಎಷ್ಟು ಆಳ ಹಾಕಬಹುದು? ವೈರಿಂಗ್ ಪೈಪಿಗೆ ಪಕಾಸಿಯಲ್ಲಿ ತೂತು ಕೊರೆಯಬಹುದೇ?

ಉತ್ತರ: ಕಚ್ಚು ಎತ್ತರದ ನಾಲ್ಕರಲ್ಲಿ ಒಂದು ಪಾಲು ಮೀರದಿರಲಿ. 125ರ ಮರಕ್ಕೆ 31 ಮಿ.ಮೀ. ಪಟ್ಟಿಯ ಮೇಲೆ ಕೂರುವ ಜಾಗ ಕನಿಷ್ಠ 38 ಮಿ.ಮೀ. ಬೇಕು, ನೇರ ಇಟ್ಟಿಗೆಯ ಮೇಲಾದರೆ 75. ಸಪಾಟು ಇಳಿಜಾರಿನಲ್ಲಿ ಈ ಎರಡೂ ಸುಲಭವಾಗಿ ಹೊಂದುತ್ತವೆ, ಇಳಿಜಾರು ಕಡಿದಾದ ಹಾಗೆ ಕಚ್ಚು ಆಳಕ್ಕೆ ಹೋಗುತ್ತೆ, ಅಲ್ಲಿ ಹುಷಾರು. ಗರಗಸವನ್ನು ಗೆರೆ ದಾಟಿಸಬೇಡಿ. ಕಚ್ಚಿನ ಮೂಲೆಯಲ್ಲಿ ಗರಗಸದ ಹಲ್ಲು ಐದು ಮಿ.ಮೀ. ಮುಂದೆ ಹೋದರೂ ಅಲ್ಲಿಂದಲೇ ಸೀಳು ಶುರುವಾಗೋದು. ಕೊನೆಯ ಎರಡು ಎಳೆತ ಕೈಗರಗಸದಲ್ಲಿ ಎಳೆಯಿರಿ, ವೃತ್ತಾಕಾರದ ಗರಗಸ ಮಷಿನ್ನು ಬೇಡ.

ತೂತು ಕೊರೆಯಬಹುದು, ಮೇಲಂಚು ಕೆಳಂಚು ಎರಡರಿಂದಲೂ 50 ಮಿ.ಮೀ. ದೂರ ಬಿಟ್ಟು. 125ರಲ್ಲಿ 100 ಕಳೆದರೆ ಉಳಿಯೋದು 25. ಅಂದರೆ 25 ಮಿ.ಮೀ. ಪೈಪಿಗೆ ಸರಿಯಾಗಿ ನಡುಮಧ್ಯ ಒಂದೇ ಜಾಗ. ಅಂಚಿನಲ್ಲಿ ಕಚ್ಚು ಕಡಿದು ಪೈಪು ಕೂರಿಸೋ ವೈರಿಂಗಿನವರನ್ನು ಏಣಿಯಿಂದ ಇಳಿಸಿ, ಅದರಲ್ಲೂ ಪಕಾಸಿಯ ನಡುವಿನ ಮೂರನೇ ಒಂದು ಪಾಲಿನಲ್ಲಿ.

ಪ್ರಶ್ನೆ: ತೋಟದ ಒಂದು ಒಣಗಿದ ಮರ ಕಡಿಸಿದ್ದೇವೆ. ದಿಮ್ಮಿಯ ಸಣ್ಣ ತುದಿ 300 ಮಿ.ಮೀ. ವ್ಯಾಸ. ಇದರಿಂದ ಒಂದೇ ತೊಲೆ ತೆಗೆಯುವುದಾದರೆ ಮಿಲ್ಲಿನವರಿಗೆ ಯಾವ ಅಳತೆ ಕೊಡಲಿ? ಅವರು ಚೌಕ ಎನ್ನುತ್ತಿದ್ದಾರೆ.

ಉತ್ತರ: ಚೌಕ ಬೇಡ! ನನ್ನ ಗಾಯಕ್ಕೆ ಉಪ್ಪು ಹಾಕಬೇಡಿ.

ಈ ಪ್ರಶ್ನೆ ನನಗೆ ಬಹಳ ಇಷ್ಟ, ಏಕೆಂದರೆ ಉತ್ತರವನ್ನು ಲೆಕ್ಕವೇ ಇಲ್ಲದೆ ದಿಮ್ಮಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ಬರೆಯಬಹುದು. ದಿಮ್ಮಿಯ ನಡುವೆ ಹಾದು ಈ ಅಂಚಿಂದ ಆ ಅಂಚಿಗೆ ಒಂದು ಗೆರೆ ಎಳೆಯಿರಿ. ಅದನ್ನು ಮೂರು ಸಮಪಾಲು ಮಾಡಿ ಎರಡು ಚುಕ್ಕೆ ಇಡಿ. ಒಂದು ಚುಕ್ಕೆಯಿಂದ ಮಟ್ಟಗೋಲು ಹಿಡಿದು ನೆಟ್ಟಗೆ ಮೇಲಕ್ಕೆ, ಇನ್ನೊಂದರಿಂದ ನೆಟ್ಟಗೆ ಕೆಳಕ್ಕೆ ತೊಗಟೆ ಮುಟ್ಟುವವರೆಗೆ ಗೆರೆ ಹೊಡೆಯಿರಿ. ಆ ಎರಡು ತುದಿ, ಮೊದಲ ಗೆರೆಯ ಎರಡು ತುದಿ, ನಾಲ್ಕನ್ನೂ ಕೂಡಿಸಿದರೆ ಒಂದು ಆಯತ. ಆ ದಿಮ್ಮಿಯಿಂದ ಬರಬಹುದಾದ ಅತಿ ಬಲವಾದ ತೊಲೆ ಅದೇ. ನಿಮ್ಮ ದಿಮ್ಮಿಗೆ 173 ದಪ್ಪ, 245 ಎತ್ತರ ಬರುತ್ತೆ. ಚೌಕ ಕೊಯ್ದರೆ 212-212. ಮರ ಹೆಚ್ಚು, ಬಲ ನೂರಕ್ಕೆ ಎಂಟೊಂಬತ್ತು ಪಾಲು ಕಮ್ಮಿ. ಬಲಕ್ಕಿಂತ ಬಾಗದಿರೋದು ಮುಖ್ಯ ಅಂತಿದ್ದರೆ ಇನ್ನೂ ತೆಳುವಾಗಿ 150-260 ತೆಗೆಯಿರಿ. ದೂರ ದಾಟುವ ತೊಲೆಗೆ ನಾನು ಇದನ್ನೇ ಕೊಯ್ಸೋದು.

ಕೊಯ್ದು ಬಂದ ಮೇಲೆ ಗಂಟು ನೋಡಿ. ತೊಲೆ ಕೂರಿಸುವಾಗ ದೊಡ್ಡ ಗಂಟು ಕೆಳಂಚಿನ ನಡುಭಾಗಕ್ಕೆ ಬರಬಾರದು, ಅಲ್ಲೇ ನಾರು ಅತಿ ಹೆಚ್ಚು ಎಳೆಸಿಕೊಳ್ಳೋದು. ತಲೆಕೆಳಗು ಮಾಡಿ ಮೇಲಂಚಿಗೆ ತಂದರೆ ಅದೇ ಗಂಟು ಅಷ್ಟು ಕೆಡುಕು ಮಾಡೋದಿಲ್ಲ. ಹಾಗೇ ಮರ ಸ್ವಲ್ಪ ಬಿಲ್ಲಿನಂತೆ ಬಾಗಿದ್ದರೆ ಡುಬ್ಬ ಮೇಲಿರಲಿ.

ಪ್ರಶ್ನೆ: ಹಳೇ ಹಂಚು ತೆಗೆದು ಲೋಹದ ಶೀಟು ಹಾಕಿಸುತ್ತಿದ್ದೇನೆ. ಭಾರ ಹತ್ತರಲ್ಲಿ ಒಂದಾಗುತ್ತದೆ. ಹಳೇ ಪಕಾಸಿಗಳಲ್ಲಿ ಒಂದು ಬಿಟ್ಟು ಒಂದು ತೆಗೆದು ಬೇರೆ ಕೆಲಸಕ್ಕೆ ಬಳಸಬಹುದಲ್ಲವೇ?

ಉತ್ತರ: ಕೆಳಮುಖದ ಭಾರದ ಲೆಕ್ಕ ಒಂದನ್ನೇ ನೋಡಿದರೆ ಬಹುದು. ಆದರೆ ಹಂಚಿನ ಮಾಡು ಇಷ್ಟು ವರ್ಷ ಅಲ್ಲೇ ಇದ್ದದ್ದು ಹೆಚ್ಚುಕಮ್ಮಿ ತನ್ನ ತೂಕದಿಂದ. ಸೆಕೆಂಡಿಗೆ 40 ಮೀಟರ್ ವೇಗದ ಗಾಳಿ, ಅಂದರೆ ಗಂಟೆಗೆ 144 ಕಿ.ಮೀ., ಚದರ ಮೀಟರಿಗೆ 98 ಕಿಲೋದಷ್ಟು ಒತ್ತಡ ಹುಟ್ಟಿಸುತ್ತೆ. ಮಾಡಿನ ಮೇಲೆ ಅದು ಎಷ್ಟೋ ಕಡೆ ಮೇಲಕ್ಕೆ ಹೀರುವ ಬಲವಾಗಿ ಕೆಲಸ ಮಾಡುತ್ತೆ, ಸೂರಿನ ಅಂಚು ಮತ್ತು ನೆತ್ತಿಯ ಬಳಿ ಅತಿ ಹೆಚ್ಚು. ಚದರ ಮೀಟರಿಗೆ ಐದಾರು ಕಿಲೋ ತೂಗುವ ಶೀಟು ಇದಕ್ಕೆ ಏನು ಉತ್ತರ ಕೊಡುತ್ತೆ?

ಹಾಗಾಗಿ ಪಕಾಸಿ ತೆಗೆಯೋ ಯೋಚನೆ ಸದ್ಯಕ್ಕೆ ಬಿಡಿ. ಒಂದು ಬಿಟ್ಟು ಒಂದು ಪಕಾಸಿ ತೆಗೆದರೆ ಉಳಿದವುಗಳ ಬುಡದಲ್ಲಿ ಎಳೆತ ಇಮ್ಮಡಿಯಾಗುತ್ತೆ. ಏಣಿ ಹಾಕಿ ಹತ್ತಿ, ಪಕಾಸಿ ಗೋಡೆಪಟ್ಟಿಗೆ ಹೇಗೆ ಕೂಡಿದೆ ನೋಡಿ. ಹಳೇ ಮನೆಗಳಲ್ಲಿ ಓರೆಯಾಗಿ ಹೊಡೆದ ಒಂದು ಮೊಳೆ ಇರುತ್ತೆ, ಕೆಲವು ಕಡೆ ಅದೂ ತುಕ್ಕು ಹಿಡಿದು ದಾರದಷ್ಟು ಉಳಿದಿರುತ್ತೆ. ಪ್ರತಿ ಪಕಾಸಿಗೂ ಲೋಹದ ಪಟ್ಟಿ ಬಳಸಿ ಗೋಡೆಪಟ್ಟಿಗೆ ಬಿಗಿಸಿ. ಆಮೇಲೆ ಗೋಡೆಪಟ್ಟಿಯನ್ನು ಒಮ್ಮೆ ಎರಡೂ ಕೈಲಿ ಹಿಡಿದು ಅಲ್ಲಾಡಿಸಿ. ಅದು ಗೋಡೆಗೆ ಬೋಲ್ಟು ಹಾಕದೆ ಸುಮ್ಮನೆ ಗಾರೆಯ ಮೇಲೆ ಕೂತಿದ್ದರೆ, ಶೀಟಿನವರಿಗೆ ಬರಬೇಡಿ ಅಂತ ಫೋನು ಮಾಡಿ ಮೊದಲು ಆ ಕೆಲಸ ಮುಗಿಸಿ.